ಡಬ್ಬಿ ಖಾಲಿ ಕಳಿಸಬಾರದು

ಮದುವೆಯಾದ ಮೇಲೆ ನಾನು ಒಬ್ಬಳೇ ಯಾವ ಊರಿಗೂ ಹೋದವಳಲ್ಲ. ಲೇಕ್ ಮಿಶಿಗನ್ ದಡದ ಸೌತ್ ಹೇವನ್‌ನಲ್ಲಿ ಒಂದು ರಾತ್ರಿ, ಯಾರಿಗೂ ಕಾಫಿ ಬೆರೆಸದೆ, ತೆಪ್ಪಗಿರಬೇಕು ಅನ್ನಿಸಿತ್ತು. ಯಜಮಾನರು ಒಪ್ಪಿದ್ದರು. ಸಾರು, ಪಲ್ಯ ಮಾಡಿ ಫ್ರಿಜ್‌ನಲ್ಲಿಟ್ಟು, ದೇವರಿಗೆ ದೀಪ ಹಚ್ಚಿ, ಬೆಳಿಗ್ಗೆ ನಾವಿರುವ ಪ್ಲಿಮತ್‌ನಿಂದ ಹೊರಟೆ.

ದಾರಿಯಲ್ಲಿ ಮಳೆ ಹಿಡಿಯಲಿಲ್ಲ, ದೇವರು ದೊಡ್ಡವನು. ನೀರಿನ ಹತ್ತಿರವೇ ಪಾರ್ಕಿಂಗೂ ಸಿಕ್ಕಿತು. ಆಚೆ ದಡ ಕಾಣದ ನೀರು. ಬೆಂಚಿನ ಮೇಲೆ ಕೂತು ಮೊಸರನ್ನ ಬಿಚ್ಚುವಷ್ಟರಲ್ಲಿ ಭಜನೆ ಗುಂಪಿನ ಆಂಟಿಯ ಫೋನು.

"ಏನಮ್ಮಾ, ಮನೆ ಬಿಟ್ಟು ಹೋಗ್ಬಿಟ್ಯಂತೆ? ಮಗೂ ಮುಖ ನೋಡಾದ್ರೂ ವಾಪಸ್ ಬಾಮ್ಮಾ."

"ಯಾರಂದಿದ್ದು?"

"ನಿನ್ ಮಗಳೇ! ಪ್ರಸಾದ ಕೊಡೋಕೆ ಬಂದಿದ್ದೆ. ಅಮ್ಮ ಎಲ್ಲಿ ಅಂದ್ರೆ, 'ಅಮ್ಮ ಲೆಫ್ಟ್' ಅಂದ್ಲು. ಎದೆ ಧಸಕ್ ಅಂತು."

ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇವೆ. ಮಗಳು 'ಹೊರಟಳು' ಅಂದದ್ದು ಆಂಟಿಗೆ 'ಬಿಟ್ಟುಹೋದಳು' ಆಗಿತ್ತು. ಆಂಟಿ ತಮ್ಮ ಮನೆಗೆ ಓಡಿ ಬಿಸಿಬೇಳೆಭಾತ್ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತಂದು, ಯಜಮಾನರಿಗೆ ಧೈರ್ಯ ಹೇಳಿ ಹೋಗಿದ್ದರಂತೆ. ನಾನು ಯಜಮಾನರಿಗೆ ಫೋನ್ ಹಚ್ಚಿದೆ.

"ನಾಳೆ ಬರ್ತಾಳೆ ಅನ್ನೋಕೆ ಬಾಯಿರ್ಲಿಲ್ವಾ?"

"ಮಾತಾಡೋಕೇ ಬಿಡ್ಲಿಲ್ಲ ಕಣೇ. ಅದೂ ಬಿಸಿಬಿಸಿ ಇತ್ತು. ಮೇಲೆ ತುಪ್ಪ ಬೇರೆ."

"ಉಂಡ್ರಾ?"

"ಚೆನ್ನಾಗಿತ್ತು. ನೋಡು, ಇವತ್ತೇ ಬಂದ್ಬಿಡು. ಎಲ್ರ ಬಾಯಿ ಮುಚ್ಚುತ್ತೆ."

ಮೈಯೆಲ್ಲ ಉರಿಯಿತು. ನನ್ನ ಸಾರು ಫ್ರಿಜ್‌ನಲ್ಲೇ ಇತ್ತು. ನನ್ನ ಮಾನವನ್ನು ತುಪ್ಪ ಹಾಕಿ ಕಲಸಿಕೊಂಡು ಉಂಡು ಕೂತಿದ್ದರು. ಅವರು ಬಾಯಿ ತೆರೆದದ್ದು ತುತ್ತಿಗೆ ಮಾತ್ರ. ಅದಕ್ಕೆ ನನ್ನ ಒಂದು ರಾತ್ರಿ ದಂಡವೇ? ಫೋನ್ ಕುಕ್ಕಿ, ಮತ್ತೆ ಆಂಟಿಗೆ ಮಾಡಿದೆ.

"ಹೌದು ಆಂಟಿ, ಬಿಟ್ಟು ಬಂದಿದೀನಿ. ನಾಳೆ ಮಧ್ಯಾಹ್ನದವರೆಗೆ."

"ಹಂಗಾದ್ರೆ ನನ್ ಡಬ್ಬಿ?"

ಡಬ್ಬಿ! ಕೊಟ್ಟವರ ಡಬ್ಬಿಯನ್ನು ನಮ್ಮಲ್ಲಿ ಖಾಲಿ ಹಿಂದಿರುಗಿಸುವುದಿಲ್ಲ, ಏನಾದರೂ ಮಾಡಿ ತುಂಬಿ ಕೊಡಬೇಕು. ಇಷ್ಟು ವರ್ಷ ಎಲ್ಲರ ಡಬ್ಬಿ ತುಂಬಿದವಳು ನಾನು.

"ಉಂಡವ್ರು ತುಂಬಿ ತಂದ್ಕೊಡ್ತಾರೆ ಆಂಟಿ. ಇವತ್ತೇ."

ಯಜಮಾನರಿಗೂ ಅದನ್ನೇ ಮೆಸೇಜ್ ಮಾಡಿದೆ. ನನ್ನ ಸಾರು ಹಾಕಿ ಕಳಿಸುವ ಹಾಗಿಲ್ಲ ಎಂದೂ ಸೇರಿಸಿದೆ.

ಇಷ್ಟೆಲ್ಲ ಆದರೂ ಮೊಸರನ್ನ ಹುಳಿಯಾಗಿರಲಿಲ್ಲ, ಅದೂ ದೇವರ ಕೃಪೆ. ಸಿಟ್ಟಿನಲ್ಲೇ ಉಂಡೆ. ಸಂಜೆ ಸೂರ್ಯ ನೀರಿಗಿಳಿಯುವಾಗ ಕೈಮುಗಿದು ಶ್ಲೋಕ ಹೇಳಿಕೊಂಡೆ, ಸಿಟ್ಟು ಇಳಿಯಲಿಲ್ಲ. ಫೋನ್ ಗುಂಯ್ ಅಂದಿತು, ಯಜಮಾನರ ಮೆಸೇಜು.

"ರವೆ ಎಲ್ಲಿಟ್ಟಿದೀಯಾ?"

ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ, ಶ್ಲೋಕವನ್ನು ಮೊದಲಿನಿಂದ ಶುರುಮಾಡಿದೆ.