ನಾಲ್ಕು ಹೆಜ್ಜೆ ನಡೆಸಿ ಕೊಂಡ ವಿಮಾನ

ನರೋಣಾದ ಪ್ರೌಢಶಾಲೆಯ ಅಂಗಳದಲ್ಲಿ ವಾಯುಪಡೆಯ ಹಳೆಯ ವಿಮಾನವೊಂದನ್ನು ನಿಲ್ಲಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಮಿತಿ ತೀರ್ಮಾನಿಸಿದಾಗ, ಅದನ್ನು ಹುಡುಕಿ ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಅದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಮೇಷ್ಟ್ರಾಗಿ ಕೆಂಪು ಶಾಯಿಯ ಪೆನ್ನು ಹಿಡಿದು ಯಾರ ತಪ್ಪನ್ನೂ ಬಿಡದವನು ವಿಮಾನದ ತಪ್ಪನ್ನೂ ಬಿಡಲಾರ ಎಂಬುದು ಅವರ ಎಣಿಕೆ. ತೊಗರಿ ಹೊಲಗಳ ಮೇಲೆ ಹಾದುಹೋಗುವ ಬಿಳಿಯ ಗೆರೆಯಷ್ಟನ್ನೇ ವಿಮಾನವೆಂದು ಬಲ್ಲ ಮಕ್ಕಳು ಇನ್ನು ಮುಂದೆ ಅದರ ರೆಕ್ಕೆಯ ಕೆಳಗೆ ಆಡುವವರಿದ್ದರು. ಆದ್ದರಿಂದ ನಿಲ್ಲಿಸಿದ್ದು ಎಂದಿಗೂ ಕುಸಿಯಬಾರದು. ನನ್ನ ಹೊಣೆಯ ತಿರುಳು ಅದೇ ಆಗಿತ್ತು.

ಐದು ತಿಂಗಳು ಪತ್ರ ಬರೆದ ಮೇಲೆ, ಹರಾಜಿನಲ್ಲಿ ಕೊಂಡ ಎರಡು ವಿಮಾನಗಳನ್ನು ಇಟ್ಟುಕೊಂಡಿದ್ದ ಗುಜರಿ ವ್ಯಾಪಾರಿಯೊಬ್ಬ ಸೊಲ್ಲಾಪುರದ ಹೊರವಲಯದಲ್ಲಿ ಸಿಕ್ಕ. ಹೊರಡುವ ಮುನ್ನ ಹದಿನೆಂಟು ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿದೆ: ಹರಾಜಿನ ದಾಖಲೆ, ಶಸ್ತ್ರ ಕಳಚಿದ ಬಗೆಗಿನ ಪ್ರಮಾಣಪತ್ರ, ರೆಕ್ಕೆ ಬಿಚ್ಚಿ ಲಾರಿಗೆ ಏರಿಸುವ ಕ್ರಮ ಇತ್ಯಾದಿ. ಸಮಿತಿಯವರು ಮಟಕಿ ಊರಿನಲ್ಲಿರುವ ನನ್ನ ಕಾಕಾ ಅವರನ್ನೂ ಜೊತೆಗೆ ಕಳುಹಿಸಿದರು. ದನದ ಸಂತೆಯಲ್ಲಿ ಅವರು ಒಪ್ಪಿದ ಎತ್ತಿಗೆ ಎರಡನೆಯ ಮಾತಿಲ್ಲ. ಈ ವ್ಯವಹಾರದಲ್ಲಿ ಮಾತ್ರ ಅವರು ಬರಿಯ ಜೊತೆಗಾರರೆಂದೇ ನಾನು ಭಾವಿಸಿದ್ದೆ.

ಎರಡರಲ್ಲಿ ದೊಡ್ಡದಾದ ಯುದ್ಧವಿಮಾನ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು. ಹದಿನೆಂಟು ಪ್ರಶ್ನೆಗಳಿಗೂ ತೃಪ್ತಿಕರ ಉತ್ತರ ದೊರೆಯಿತು. ಒಪ್ಪಂದದ ಹಾಳೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಕಾಕಾ ವಿಮಾನವನ್ನು ಒಂದು ಸುತ್ತು ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಎಡಚಕ್ರವನ್ನು ಹೊತ್ತ ಕಾಲನ್ನು ಅಂಗೈಯಿಂದ ಸವರಿದರು.

"ನಾಕ್ ಹೆಜ್ಜಿ ನಡಸ್ರಿ ಇದಕ."

ವ್ಯಾಪಾರಿ ನಕ್ಕ. "ಕಾಕಾ, ಇದು ಎತ್ತಲ್ರಿ. ನಿಂದರಸಾಕ ಒಯ್ಯಾಕತ್ತೀರಿ, ನಡಸಿ ಏನ್ ಮಾಡ್ತೀರಿ?"

"ಸಂತ್ಯಾಗ ನಿಂತ ಎತ್ತು ಎಲ್ಲಾ ಛಲೋನೇ ಕಾಣ್ತಾವ. ನಡದಾಗ ಕಾಲ್ ತಿಳೀತದ."

"ಕಾಗದ ಎಲ್ಲಾ ಸರಿ ಅವರಿ, ಕಾಕಾ," ಎಂದೆ ನಾನು.

"ಕಾಗದದ ಮ್ಯಾಲ ನಿಂದರತದೇನ್ ತಮ್ಮಾ ಇದು?"

ವ್ಯಾಪಾರಿ ಒಲ್ಲದ ಮನಸ್ಸಿನಿಂದ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿದ. ಒಂದು ಮಾರು ಎಳೆಯುವುದರೊಳಗೆ ಎಡಗಾಲು ಹೊರಕ್ಕೆ ವಾಲಿತು. ಬಣ್ಣದ ಪದರ ಸಿಡಿದು, ಒಳಗೆ ಬೆಸುಗೆ ಹಾಕಿದ್ದ ನೀರಿನ ಪೈಪು ಕಾಣಿಸಿಕೊಂಡಿತು. ನನ್ನ ಹದಿನೆಂಟು ಪ್ರಶ್ನೆಗಳಲ್ಲಿ ಕಾಲಿನ ಬಗ್ಗೆ ಒಂದೂ ಇರಲಿಲ್ಲ.

"ನಮ್ಮ ಕಡಿ ಬಂದಾಗೇ ಹಂಗಿತ್ರಿ ಸಾಬ್," ಎಂದ ವ್ಯಾಪಾರಿ, ಟ್ರ್ಯಾಕ್ಟರಿನತ್ತ ನೋಡುತ್ತ.

ಕಾಕಾ ಆಗಲೇ ಎರಡನೆಯದರ ಬಳಿ ನಿಂತಿದ್ದರು. ಅದು ಪೈಲಟ್ ತರಬೇತಿಯ ಪುಟ್ಟ ವಿಮಾನ. ಬಣ್ಣ ಮಾಸಿತ್ತು, ಟೈರುಗಳಲ್ಲಿ ಗಾಳಿಯಿರಲಿಲ್ಲ. ಗುಜರಿ ಅಂಗಳದ ಈ ತುದಿಯಿಂದ ಆ ತುದಿಗೆ ಎಳೆಸಿದೆವು. ಕಾಲುಗಳು ಅಲುಗಲಿಲ್ಲ.

"ಮುಪ್ಪಾಗ್ಯಾದ. ಕಾಲ್ ಮಾತ್ರ ಹುಟ್ಟಿದಾಗಿನವೇ ಅವ," ಎಂದರು ಕಾಕಾ.

ನಾನು ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಯುದ್ಧವಿಮಾನ ತರ್ತೇನಿ ಅಂದಿದ್ರಲ್ರಿ ಸರ್?" ಎನ್ನುವಾಗ ಅವರ ದನಿ ಇಳಿಯಿತು.

"ಯುದ್ಧಕ್ಕ ಹೋಗೋರಿಗೆ ಕಲಿಸಿದ ವಿಮಾನರಿ ಇದು. ನಮ್ಮ ಸಾಲಿ ಮಕ್ಕಳಿಗೆ ಇದೇ ಬೇಕು," ಎಂದು ಹೇಳಿ, ಚಿಕ್ಕದರ ಒಪ್ಪಂದಕ್ಕೆ ಸಹಿ ಹಾಕಿದೆ.

ಈ ಆಷಾಢದಲ್ಲಿ ಗಾಳಿ ಶಾಲೆಯ ಮಾಡಿನ ಎರಡು ತಗಡುಗಳನ್ನು ಹಾರಿಸಿಕೊಂಡು ಹೋಯಿತು. ಮರುದಿನ ನಾನು ಹೋದಾಗ ಹೆಣ್ಣುಮಕ್ಕಳ ಒಂದು ಗುಂಪು, ಬಿಸಿಯೂಟದ ತಟ್ಟೆಗಳೊಂದಿಗೆ, ಅಂಗಳದಲ್ಲಿ ಅಲುಗದೆ ನಿಂತಿದ್ದ ವಿಮಾನದ ರೆಕ್ಕೆಯ ನೆರಳಿನಲ್ಲಿ ಜಾಗಕ್ಕಾಗಿ ಜಗಳವಾಡುತ್ತಿತ್ತು.