ಮರಿಗಳ ಕಾಲು ಕಾಯ್ದ ಡಾ. ಎಲ್ವಿರಾ ಬೆಂತಾಂಕೊರ್

ಉರುಗ್ವೆಯ ಉತ್ತರದ ಹುಲ್ಲುಗಾವಲುಗಳಲ್ಲಿ ದನದ ವೈದ್ಯರಿಗೆ ಎಂದೂ ಬರವಿರಲಿಲ್ಲ. ಕುದುರೆಯ ವೈದ್ಯರಿಗಂತೂ ಕರೆದು ಊಟ ಹಾಕುವಷ್ಟು ಮರ್ಯಾದೆ. ಆದರೆ ಬೆಳೆಯುವ ನಾಯಿಮರಿಯ ಕಾಲು ಸೊಟ್ಟಗಾದರೆ ಅದೂ ಒಂದು ಕಾಯಿಲೆ, ಅದಕ್ಕೂ ಮದ್ದಿದೆ, ಮದ್ದಿಗಿಂತ ಮೊದಲು ಅದಕ್ಕೊಂದು ಕಾರಣವಿದೆ ಎಂದು ಈ ಸೀಮೆಗೆ ತಿಳಿಹೇಳಿದವರು ಡಾ. ಎಲ್ವಿರಾ ಬೆಂತಾಂಕೊರ್ ಅವರು. ಪಾಸೊ ದೆಲ್ ಸೇಯ್ಬೊದ ಪಶುವೈದ್ಯಶಾಲೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಪಳಗಿದ ನನಗೆ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯ.

ಅವರು ಇಲ್ಲಿಗೆ ಬಂದ ಹೊಸತರಲ್ಲಿ, ಕಾಲು ಕೆಟ್ಟ ಮರಿಗೆ ಜನ ಕೊಡುತ್ತಿದ್ದ ಚಿಕಿತ್ಸೆ ಒಂದೇ: ಬೇಲಿಯಾಚೆ ಕರೆದೊಯ್ದು ಗುಂಡು ಹೊಡೆಯುವುದು. ಡಾಕ್ಟರಮ್ಮ ಜಗಳವಾಡಿದರು, ಗದರಿದರು, ದಾರಿಯಲ್ಲಿ ಕುಂಟುವ ಮರಿ ಕಂಡರೆ ಜೀಪು ನಿಲ್ಲಿಸಿ ಅದರ ಮಣಿಕಟ್ಟು ಮುಟ್ಟಿ ನೋಡಿದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ನೆಲದ ಮೇಲೆ ಕೂರಿಸಿ, "ಮೇಜಿನ ಮೇಲೆ ನಿಲ್ಲಿಸಿದ್ರೆ ಎಲ್ಲ ಮರೀನೂ ಹೆದರಿ ಸೆಟೆದು ನಿಲ್ಲುತ್ತೆ, ಮಗಳೇ. ನೆಲಕ್ಕೆ ಬಿಡು, ಯಾವ ಕಾಲನ್ನ ಬಚ್ಚಿಡುತ್ತೆ ನೋಡು," ಎಂದರು. ಕಾಲೇಜಿನಲ್ಲಿ ಯಾರೂ ನನಗೆ ಇಷ್ಟು ಸಲೀಸಾಗಿ ಪಾಠ ಹೇಳಿರಲಿಲ್ಲ.

ಅವರ ಸೇವೆಯ ನೆನಪುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ದೋನ್ ಗುಮೆರ್ಸಿಂದೊ ಟೆಚೆರಾ ಅವರ ಮರಿಯದು. ದೋನ್ ಎಂದು ನಾವೆಲ್ಲ ಗೌರವದಿಂದ ಕರೆಯುತ್ತಿದ್ದ ಅವರು ದನದ ಮಂದೆ ಹೊಡೆದುಕೊಂಡು ಹೋಗುವ ಕಸುಬಿನ ಒಂಟಿ ಮುದುಕರು. ಅವರ ಹಳೆಯ ನಾಯಿ ಮೂಳೆಯ ಚೂರು ಗಂಟಲಿಗೆ ಸಿಕ್ಕಿ ಸತ್ತಿತ್ತು. ಆಮೇಲೆ ತಂದ ಹುಲಿಪಟ್ಟೆಯ ಸಿಮರೋನ್ ತಳಿಯ ಮರಿಗೆ ಬಗ್ವಾಲ್ ಎಂದು ಹೆಸರಿಟ್ಟು ಜೀವಕ್ಕಿಂತ ಹೆಚ್ಚಾಗಿ ಸಾಕುತ್ತಿದ್ದರು. ಒಂದು ಶನಿವಾರ ಅದನ್ನು ತಾವು ಹೊದೆಯುವ ಪೋಂಚೊ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದರು. ಮುಂಗಾಲು ಬಿಲ್ಲಿನಂತೆ ಬಾಗಿದ್ದವು. ಮುಟ್ಟಿದರೆ ಮರಿ ಕಿರುಚುತ್ತಿತ್ತು.

"ಸೂಜಿ ಚುಚ್ಚಿಬಿಡಿ, ಡಾಕ್ಟ್ರಮ್ಮ," ಎಂದರು ದೋನ್. "ಪಕ್ಕದವನು ಬಂದೂಕು ತರ್ತೀನಿ ಅಂದ. ನನ್ ಕೈಲಿ ನೋಡೋಕಾಗಲ್ಲ."

ಜಗಲಿಯಲ್ಲಿ ಕೂತಿದ್ದ ದನಗಾಹಿಗಳು ಕಿವಿ ನಿಮಿರಿಸಿದರು. ಡಾಕ್ಟರಮ್ಮ ಬಾಗಿಲು ಮುಚ್ಚಿ, ನಮ್ಮ ಸೀಮೆಯ ಎಲೆಕಷಾಯ ಮಾಟೆಯ ಸೋರೆಬುರುಡೆಗೆ ಬಿಸಿನೀರು ಹೊಯ್ದು ಮುದುಕರ ಕೈಗಿತ್ತು, ಏನು ತಿನ್ನಿಸುತ್ತೀರಿ ಎಂದು ಕೇಳಿದರು.

ದೋನ್ ಅವರ ಮುಖ ಬೆಳಗಿತು. "ಮಾಂಸ! ಒಂದು ಚೂರು ಮೂಳೆ ಇಲ್ದಂಗೆ ನಾನೇ ಬಿಡಿಸಿ ಕೊಡ್ತೀನಿ. ಬೆನ್ನಿನ ಮಾಂಸ, ಮೆತ್ತಗಿರೋದು. ಅದು ತಿಂದು ಉಳಿದಿದ್ದನ್ನ ನಾನು ತಿಂತೀನಿ, ದೇವರಾಣೆ."

"ಬೇರೆ?"

"ಬೇರೆ ಯಾಕೆ? ಅನ್ನ ಗಂಜಿ ಹಾಕೋಕೆ ಅವನೇನು ಕೋಳೀನಾ?"

ದನಕ್ಕೆ ಕೊರತೆಯಿಲ್ಲದ ನಮ್ಮ ನಾಡಿನಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಬರೀ ಮಾಂಸದಲ್ಲಿ ಸುಣ್ಣದಂಶ ತೀರಾ ಕಡಿಮೆ. ಮರಿಯ ಮೈ ತನ್ನ ಮೂಳೆಯಿಂದಲೇ ಅದನ್ನು ಕಿತ್ತುಕೊಂಡು ಬದುಕುತ್ತದೆ, ಮೂಳೆ ಮೆತ್ತಗಾಗಿ ಬಾಗುತ್ತದೆ. ಇದನ್ನು ಡಾಕ್ಟರಮ್ಮ ಮುದುಕರ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಹೇಳಿದರು.

ದೋನ್ ಮರಿಯ ಬಾಗಿದ ಕಾಲುಗಳನ್ನು ನೋಡಿದರು. "ಅಂದ್ರೆ ಕಾಲು ಬಗ್ಗಿಸಿದ್ದು ನಾನೇ," ಎಂದರು. ಬುರುಡೆಯನ್ನು ವಾಪಸು ಚಾಚಿ, "ಧನ್ಯವಾದ," ಎಂದು ಎದ್ದರು.

ನಮ್ಮಲ್ಲಿ ಬುರುಡೆ ಹಿಂತಿರುಗಿಸುತ್ತ ಧನ್ಯವಾದ ಹೇಳಿದವರಿಗೆ ಮತ್ತೆ ಹೊಯ್ಯುವ ಪದ್ಧತಿಯಿಲ್ಲ. ಅವರಿಗೆ ಸಾಕಾಯಿತು ಎಂದೇ ಲೆಕ್ಕ. ಡಾಕ್ಟರಮ್ಮ ಮತ್ತೆ ಹೊಯ್ದರು. ಹೊಯ್ದು ಮುದುಕರ ಎದೆಗೆ ತಾಗುವಂತೆ ಹಿಡಿದರು.

"ಕೂತ್ಕೊಳ್ಳಿ, ದೋನ್. ನಮ್ಮಪ್ಪನೂ ಹೀಗೇ ಸಾಕಿದ್ದ. ನಾಯಿ ಹೋಯ್ತು, ಅವನಿಗೆ ಯಾರೂ ಯಾಕೆ ಅಂತ ಹೇಳಲೇ ಇಲ್ಲ. ನಿಮ್ಮದು ಇನ್ನೂ ಬದುಕಿದೆ. ನನಗೆ ಸ್ವಲ್ಪ ದಿನ ಕೊಡಿ."

ದೋನ್ ಕೂತರು. ಬುರುಡೆ ತೆಗೆದುಕೊಂಡರು.

ಬಗ್ವಾಲ್ ಕುರಿಮರಿಯ ಹಳೆಯ ಗೂಡಿನಲ್ಲಿ ಮೆತ್ತನೆಯ ಹಾಸಿನ ಮೇಲೆ ಉಳಿಯಿತು. ಓಟ ಬಂದ್, ನೆಗೆತ ಬಂದ್, ಬೆಳೆಯುವ ಮರಿಗೆಂದೇ ಮಾಡಿದ ಆಹಾರ ಅಳತೆಯಲ್ಲಿ. ಬೇಗ ವಾಸಿಯಾಗಲೆಂದು ದೋನ್ ಪೇಟೆಯಿಂದ ಸುಣ್ಣದ ಟಾನಿಕ್ಕು ತಂದಾಗ ಡಾಕ್ಟರಮ್ಮ ಅದನ್ನು ಕಸಿದುಕೊಂಡು, "ಕಮ್ಮಿಯಾದ್ರೂ ಕಾಲು ಹೋಗುತ್ತೆ, ಜಾಸ್ತಿಯಾದ್ರೂ ಹೋಗುತ್ತೆ. ನಿಮ್ಮ ಪ್ರೀತಿಗೆ ಒಂದು ಮುಚ್ಚಳ ಹಾಕಿ, ಮಾರಾಯ್ರೇ!" ಎಂದು ಬೈದರು. ಮುದುಕರು ನಕ್ಕರು. ಚಳಿಗಾಲ ಕಳೆಯುವ ಹೊತ್ತಿಗೆ ಮರಿ ಅಂಗಳ ದಾಟಿ ತಾನಾಗಿ ಅವರ ಬಳಿಗೆ ನಡೆದು ಬಂತು. ಎಡಗಾಲು ತುಸು ಸೊಟ್ಟಗೇ ಉಳಿಯಿತು, ಅಷ್ಟೆ. ದೋನ್ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತರು; ನನಗೂ ತಡೆಯಲಾಗಲಿಲ್ಲ.

ಅಂದಿನಿಂದ ಜಗಲಿಯಲ್ಲಿ ಹೊಸ ಮರಿ ಹಿಡಿದು ಬಂದವರಿಗೆಲ್ಲ ಮೊದಲ ಪಾಠ ದೋನ್ ಅವರದೇ. "ಏನ್ ಹಾಕ್ತಿದೀಯಾ? ಬರೀ ಮಾಂಸಾನಾ? ಒಳಗೆ ಹೋಗು, ಬೈಸ್ಕೊಂಡು ಬಾ!"

ಒಬ್ಬರ ತಪ್ಪನ್ನು ಅವರ ಮಾನ ಕಳೆಯದೆ ತಿದ್ದುವುದು ಹೇಗೆಂಬುದನ್ನು ನಾನು ಆ ಮುಚ್ಚಿದ ಬಾಗಿಲ ಹಿಂದೆ ಕಲಿತೆ. ಆ ಕಲಿಕೆಯ ಬಲದಿಂದಲೇ ನಾಳೆಯಿಂದ ಅವರ ಕುರ್ಚಿಯಲ್ಲಿ ಕೂರುವ ಧೈರ್ಯ ಮಾಡುತ್ತಿದ್ದೇನೆ. ಪೂಜ್ಯ ಡಾಕ್ಟರಮ್ಮನವರಿಗೆ ದೀರ್ಘಾಯುಸ್ಸು ದೊರೆಯಲಿ, ಮರಿಗಳ ಮಣಿಕಟ್ಟು ಹುಡುಕುವ ಅವರ ಬೆರಳುಗಳಿಗೆ ಬಿಡುವು ಬೇಡವೇ ಬೇಡ, ಶನಿವಾರಗಳಂದು ಜಗಲಿಯಲ್ಲಿ ಅವರ ಗದರಿಕೆ ಕೇಳುತ್ತಲೇ ಇರಲಿ.

ಧನ್ಯವಾದ, ಡಾಕ್ಟರಮ್ಮ. ಬುರುಡೆ ಚಾಚಿದ್ದೇನೆ, ಇನ್ನೊಂದು ಹೊಯ್ಯಿರಿ.