ಚೌತಿಯ ಸಂಜೆ ತೆರೆಯದ ಸೂರು

ಐವತ್ತರ ದಶಕದ ಕೊನೆಯಲ್ಲಿ ಯಲಹಂಕದ ನಮ್ಮ ಹಿತ್ತಿಲಲ್ಲಿ ಒಂದು ತಗಡಿನ ಶೆಡ್ ಇತ್ತು. ಅದರ ಸೂರನ್ನು ಪಕ್ಕಕ್ಕೆ ತಳ್ಳಿದರೆ ಅದೇ ನನ್ನ ವೀಕ್ಷಣಾಲಯ. ವರ್ಷದಲ್ಲಿ ಅರ್ಧ ಮೋಡ ಕವಿಯುವ ಊರಿನಲ್ಲಿ ಇಂಥದ್ದನ್ನು ಕಟ್ಟಿದವನಿಗೆ ತಲೆ ನೆಟ್ಟಗಿಲ್ಲ ಎಂದು ಬೀದಿಯವರು ತೀರ್ಮಾನಿಸಿದ್ದರು. ಎದುರುಮನೆಯ ಯಜಮಾನರಂತೂ, "ಏನ್ ಸಾಮಿ, ಇವತ್ತೂ ಮೋಡಾನೇ ನೋಡಿದ್ರಾ?" ಎಂದು ಕಾಲೆಳೆಯುತ್ತಿದ್ದರು.

ದೂರದರ್ಶಕದ ಕನ್ನಡಿ ನನ್ನೊಬ್ಬನ ಕೆಲಸವಲ್ಲ. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಸಾಣೆಯ ಪುಡಿ, ನೀರು ಹಾಕಿ ತಿಂಗಳುಗಟ್ಟಲೆ ಉಜ್ಜಬೇಕು. ನನ್ನ ಕೈ ಸೋತಾಗಲೆಲ್ಲ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. "ಸರ್ಕೊಳ್ರೀ ಅತ್ಲಾಗೆ, ದಿನಾ ದೋಸೆಗೆ ರುಬ್ಬೋ ಕೈಗೆ ಇದೇನ್ ಮಹಾ!" ಅವಳು ಕೇಳಿದ ಕೂಲಿ ಒಂದೇ. ಚಂದ್ರನನ್ನು ಅದರಲ್ಲಿ ಎಲ್ಲರಿಗಿಂತ ಮೊದಲು ತಾನು ನೋಡಬೇಕು.

ಕನ್ನಡಿ ಕೊಳವೆಯೊಳಗೆ ಕೂರುವ ಹೊತ್ತಿಗೆ ಆಷಾಢ. ಶ್ರಾವಣವೂ ಹೋಯಿತು, ಮೋಡ ಕದಲಲಿಲ್ಲ. ಅವಳಿಗೆ ಏಳು ತಿಂಗಳು ತುಂಬಿತ್ತು. ಭಾದ್ರಪದದ ಒಂದು ಸಂಜೆ ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಗಾಳಿ ಬೀಸಿ ಆಕಾಶ ತೆರೆದುಕೊಂಡಿತು. ಆದರೆ ಅವತ್ತು ಗಣೇಶನ ಚೌತಿ! ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಹೊರಬೇಕು. ಗ್ರಹಗಳ ಗಣಿತ ಓದಿಕೊಂಡಿದ್ದ ನಾನೂ ತಲೆ ತಗ್ಗಿಸಿಯೇ ಮನೆ ಸೇರಿದ್ದೆ. ಆಸೆ ತಡೆಯದೆ ಇಬ್ಬರೂ ಶೆಡ್ಡಿಗೇನೋ ಹೋದೆವು. ಸೂರನ್ನು ಮಾತ್ರ ತೆರೆಯದೆ ಕೂತೆವು. ಅಕಸ್ಮಾತ್ ಕಣ್ಣಿಗೆ ಬಿದ್ದಿದ್ದರೆ ದೋಷ ಕಳೆಯಲಿ ಎಂದು ಅವಳು ಶಮಂತಕ ಮಣಿಯ ಕಥೆಯನ್ನೂ ಹೇಳಿ ಮುಗಿಸಿದಳು.

"ನಾಳೆ ನೋಡಿದ್ರಾಯ್ತು ಬಿಡ್ರೀ. ಚಂದ್ರ ಎಲ್ಲಿಗ್ ಹೋಗ್ತಾನೆ?"

ಮರುದಿನ ಮತ್ತೆ ಮೋಡ. ಆ ವಾರವೇ ಅವಳಣ್ಣ ಬಂದು ಹೆರಿಗೆಗೆಂದು ಗೌರಿಬಿದನೂರಿಗೆ ಕರೆದೊಯ್ದ. ಕಾರ್ತಿಕದಲ್ಲಿ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಆ ತಿಂಗಳೆಲ್ಲ ಆಕಾಶ ತಿಳಿಯಾಗಿತ್ತು. ನಾನು ಶೆಡ್ಡಿಗೆ ಬೀಗ ಹಾಕಿದೆ.

ಮತ್ತೆ ಸೂರು ತಳ್ಳಲು ವರ್ಷವೇ ಹಿಡಿಯಿತು. ಆಮೇಲೆ ಬಂದವರಿಗೆಲ್ಲ ಚಂದ್ರನನ್ನು ತೋರಿಸಿದೆ. ಎದುರುಮನೆಯವರು, "ಅಯ್ಯಯ್ಯೋ, ಮೈಯೆಲ್ಲ ಸಿಡುಬು ಬಂದಂಗೈತೆ!" ಎಂದರು. ಅವರ ಹೆಂಡತಿ ಕೈಮುಗಿದರು. ನನ್ನವಳು ನೋಡಿದ್ದರೆ ಏನೆನ್ನುತ್ತಿದ್ದಳು? ಎಷ್ಟೋ ಸಂಜೆ ಕೂತು ಊಹಿಸಿದ್ದೇನೆ. ನಾವು ಕೂಡಿ ಬಾಳಿದ್ದು ಬಹಳ ಕಾಲವಲ್ಲ. ಹಾಗಾಗಿ, ಎಷ್ಟು ಊಹಿಸಿದರೂ ಅವಳ ದನಿಯಲ್ಲಿ ಕೇಳಿಸುವುದು ನನ್ನ ಮಾತೇ.